ಎಡಗಡೆಯ ದನಿ

ನಾಗನಾಥ ಕೈ ಎತ್ತಿದ ಕೂಡಲೇ ದೇವಿದಾಸ ಗುಂಡಿ ಒತ್ತಿ ಕೊಳಲನ್ನು ನಿಲ್ಲಿಸಿದ. ಹುಮನಾಬಾದಿನ ಹೈದರಾಬಾದ್ ರಸ್ತೆಯ ಮೇಲಿದ್ದ ದೇವಿದಾಸನ ರೇಡಿಯೋ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಹೊರಗೆ ಲಾರಿ ಹೋದಾಗಲೆಲ್ಲ ಷಟರಿನ ತಗಡು ನಡುಗುತ್ತಿತ್ತು. ಆ ನಡುಕ ಅಡಗುವವರೆಗೂ ನಾಗನಾಥ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಅವನ ಕುತ್ತಿಗೆಗೆ ಸುತ್ತಿದ ತೆಳು ಬಿಳಿ ಬಟ್ಟೆ ಉಸಿರಿನೊಂದಿಗೆ ಒಳಗೆ ಹೊರಗೆ ಆಡುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಭುವನೇಶ್ವರಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ತುಟಿಗಳು ಅಲುಗಿದವು.

"ಮತ್ತ ಮೊದಲಿನ ಮಷಿನ್ ಹಚ್ಚು ಅನ್ನಾಕತ್ತಾರ," ಎಂದಳು.

ಮೇಜಿನ ಮೇಲೆ ಎರಡು ಸಿ.ಡಿ. ಪ್ಲೇಯರುಗಳಿದ್ದವು. ಹೈದರಾಬಾದಿನ ವ್ಯಾಪಾರಿಯೊಬ್ಬನ ಕಾಲು ಹಿಡಿದು, ಬೇಡವಾದದ್ದನ್ನು ಮರಳಿಸುವ ಮಾತಿನ ಮೇಲೆ ದೇವಿದಾಸ ಅವನ್ನು ತರಿಸಿದ್ದ. ಇಡೀ ಜಿಲ್ಲೆಯಲ್ಲಿ ಇಂಥ ಯಂತ್ರವನ್ನು ಯಾರೂ ಕಂಡಿರಲಿಕ್ಕಿಲ್ಲ. ಒಂದೊಂದೂ ಇಬ್ಬರು ಸೇರಿ ಎತ್ತುವಷ್ಟು ಭಾರ. ಮೊದಲನೆಯದರಲ್ಲಿ ಕೊಳಲು ಬೆಲ್ಲ ಹಾಕಿದ ಹಾಲಿನ ಹಾಗೆ ಮೆತ್ತಗೆ ಬರುತ್ತಿತ್ತು. ಭುವನೇಶ್ವರಿಗೆ ಅದೇ ಹಿಡಿಸಿತು. ಎರಡನೆಯದರಲ್ಲಿ ಅದೇ ಕೊಳಲು ಒಣ ಬಿದಿರಾಗಿಯೇ ಕೇಳುತ್ತಿತ್ತು. ನುಡಿಸುವವನು ಉಸಿರೆಳೆದದ್ದು, ಬೆರಳು ರಂಧ್ರದ ಮೇಲೆ ಬಿದ್ದದ್ದು, ಒಂದು ಕಡೆ ಸ್ವರ ಕೊಂಚ ಜಾರಿದ್ದು, ಎಲ್ಲವೂ ಬಯಲಾಗುತ್ತಿತ್ತು. ನಾಗನಾಥ ಎರಡನೆಯದರ ನೆತ್ತಿಯ ಮೇಲೆ ಅಂಗೈ ಇಟ್ಟ.

"ವಿಚಾರ ಮಾಡು ನಾಗಣ್ಣಾ," ಎಂದ ದೇವಿದಾಸ. "ಇದು ಭಾಳ ಕಡಕ್ ಮಷಿನ್. ಹಾಡಿದವರು ತಪ್ಪಿದ್ರ ಮುಲಾಜಿಲ್ಲದ ತೋರಸ್ತದ."

ನಾಗನಾಥ ಸದ್ದಿಲ್ಲದೆ ನಕ್ಕ. ತೋರಿಸಲಿ ಎಂಬಂತೆ ಕೈ ಬೀಸಿದ. ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಭುವನೇಶ್ವರಿಗೆ ಬೀಳಲಿಲ್ಲ.

ಹಿಂದಿನ ವರ್ಷ ಸೊಲ್ಲಾಪುರದಲ್ಲಿ ಡಾಕ್ಟರರು ಅವನ ಗಂಟಲಿನ ಹುಣ್ಣಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಬಸವಕಲ್ಯಾಣದಲ್ಲಿ ಮುಖ್ಯ ಬಜಾರಿನ ಪಾತ್ರೆ-ಭಾಂಡೆ ಅಂಗಡಿಯ ನಾಗನಾಥನೆಂದರೆ ಅಂಗಡಿಗಿಂತ ಅವನ ಕಂಠವೇ ಜನರ ನೆನಪಿಗೆ ಬರುತ್ತಿತ್ತು. ಶ್ರಾವಣ ಬಂತೆಂದರೆ ಮಠದಲ್ಲಿ ಅವನ ವಚನಗಾಯನ. ಗೋರ್ಟಾ, ಚಿಟಗುಪ್ಪ, ಕೊಡಂಬಲದವರೆಗೂ ಕರೆ ಬರುತ್ತಿತ್ತು. ಮೇಲಿನ ಸ್ವರಕ್ಕೆ ಏರಿ ಅಲ್ಲಿ ನಿಂತನೆಂದರೆ ಜನ ಉಸಿರು ಹಿಡಿಯುತ್ತಿದ್ದರು. ಆ ಕಂಠ ಹೋದ ಮೇಲೆ ಅವನು ತುಟಿ ಅಲುಗಿಸಿದ್ದು ಹೆಂಡತಿಯೊಬ್ಬಳಿಗೇ ತಿಳಿಯುತ್ತಿತ್ತು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಂದವರೆದುರಿಗೆ, ಅವನ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಅಂಗಡಿಯ ಹೊಣೆ ತಮ್ಮ ಧನರಾಜನ ಹೆಗಲಿಗೆ ಬಿದ್ದಿತ್ತು. ಅಣ್ಣ ತನಗೆ ಬೇಕೆಂದು ಬಾಯಿ ಅಲುಗಿಸಿದ್ದು ಈ ಯಂತ್ರವೊಂದಕ್ಕೇ ಆದ್ದರಿಂದ ಧನರಾಜ ಗೊಣಗಿದನೇ ಹೊರತು ಬೇಡವೆನ್ನಲಿಲ್ಲ.

ಯಂತ್ರವನ್ನು ಮನೆಯ ಪೂರ್ವದ ಕಲ್ಲಿನ ಕೋಣೆಯಲ್ಲಿ ಕೂಡಿಸಿದರು. ಅದರ ಜೊತೆಗೆ ಆಂಪ್ಲಿಫೈಯರು, ಎದೆಯೆತ್ತರದ ಎರಡು ಸ್ಪೀಕರುಗಳು, ಕರೆಂಟಿನ ಏರಿಳಿತ ತಡೆಯಲೊಂದು ಸ್ಟೆಬಿಲೈಸರು. ಮೊದಲ ದಿನ ತಬಲಾದ ಸದ್ದು ಗೋಡೆಗಳಿಗೆ ಬಡಿದು ಗುಂಯ್‌ಗುಟ್ಟಿತು. ದೇವಿದಾಸ ತಲೆ ಕೆರೆದುಕೊಂಡು, ಮೂಲೆಗಳಲ್ಲಿ ಜೋಳದ ಚೀಲಗಳನ್ನು ಒಟ್ಟಿಸಿ, ನೆಲಕ್ಕೆ ದಪ್ಪ ಜಮಖಾನ ಹಾಸಿಸಿದ. ಗುಂಯ್‌ಗುಟ್ಟುವುದು ನಿಂತಿತು. ಆಮೇಲೆ ಅವನು ಒಂದು ಖುರ್ಚಿಯನ್ನು ಹಿಂದೆ ಮುಂದೆ ಸರಿಸಿ, ತಾನೇ ಕೂತು ಎದ್ದು, ಕೊನೆಗೊಂದು ಜಾಗದಲ್ಲಿ ಊರಿ, ಇದನ್ನು ಅಲುಗಿಸಬೇಡಿ ಎಂದ. ಎರಡು ಸ್ಪೀಕರುಗಳ ಸದ್ದು ಸರಿಯಾಗಿ ಕೂಡುವುದು ಈ ಖುರ್ಚಿಯಲ್ಲಿ ಮಾತ್ರ, ಅತ್ತಿತ್ತ ಕೂತವರಿಗೆ ಎಲ್ಲ ಕಲಸಿಕೊಂಡು ಕೇಳುತ್ತದೆ ಎಂದು ತಿಳಿಸಿ ಹೇಳಿದ.

ಆ ಖುರ್ಚಿ ನಾಗನಾಥನದಾಯಿತು. ಬೆಳಗಿನ ಪೂಜೆ ಮುಗಿದ ಮೇಲೆ ಅವನು ಬಂದು ಕೂರುತ್ತಿದ್ದ. ಸಿ.ಡಿ.ಯ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ತೆಗೆಯುವುದನ್ನು, ಹತ್ತಿಬಟ್ಟೆಯಿಂದ ಒಳಗಿಂದ ಹೊರಕ್ಕೆ ಒರೆಸುವುದನ್ನು ಭುವನೇಶ್ವರಿಗೆ ಕಲಿಸಿದ. ಸರೋದಿನ ತಂತಿಯ ಮೇಲೆ ಉಗುರು ಜಾರಿದ ಸದ್ದು ಬಂದಾಗ ಬೆರಳೆತ್ತಿ ಅವಳಿಗೆ ತೋರಿಸುತ್ತಿದ್ದ. ರಾಗದ ಹೆಸರನ್ನು ತುಟಿಯಲ್ಲಿ ಹೇಳುತ್ತಿದ್ದ. ಅವಳು ಗಟ್ಟಿಯಾಗಿ ಅಂದರೆ ತಲೆದೂಗುತ್ತಿದ್ದ. ಅವಳು ರೊಟ್ಟಿಯ ಕೆಲಸ ಮುಗಿಸಿ ಬಂದು ಚೀಲಗಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮದುವೆಯಾದಾಗಿನಿಂದ ಕೆಲಸವಿಲ್ಲದೆ ಇಬ್ಬರೂ ಒಂದೇ ಕೋಣೆಯಲ್ಲಿ ಹೀಗೆ ಕೂತದ್ದು ಅವಳಿಗೆ ನೆನಪಿರಲಿಲ್ಲ. ಗಂಟಲು ಹೋದದ್ದಕ್ಕೆ ಇದಾದರೂ ಸಿಕ್ಕಿತಲ್ಲ ಎಂದು ಒಮ್ಮೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಬೆದರಿ, ವಿಭೂತಿ ಹಚ್ಚಿಕೊಂಡು ಬಂದಳು.

ಮರುವರ್ಷ ಶ್ರಾವಣ ಹತ್ತಿರ ಬಂದಾಗ ದೇವಿದಾಸನಿಗೆ ಒಂದು ಹಳೆಯ ಸಂಗತಿ ಹೊಳೆಯಿತು. ಹಿಂದೊಮ್ಮೆ ಮಠದಲ್ಲಿ ನಾಗನಾಥನ ಹಾಡನ್ನು ಅವನು ದೊಡ್ಡ ಸ್ಪೂಲ್ ಯಂತ್ರದಲ್ಲಿ, ಹಾಡುವವನ ಮುಂದೊಂದು ವಾದ್ಯದವರ ಮುಂದೊಂದು ಮೈಕಿಟ್ಟು ತುಂಬಿಕೊಂಡಿದ್ದ. ಅದರ ನಕಲಿನ ಕ್ಯಾಸೆಟ್ಟನ್ನು ಊರವರೆಲ್ಲ ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರುಗಳಲ್ಲಿ ಕೇಳಿ ಸವೆಸಿದ್ದರು. ಮೂಲ ಸ್ಪೂಲು ಅಂಗಡಿಯ ಅಟ್ಟದ ಮೇಲೆ ಹಾಗೆಯೇ ಇತ್ತು. ಹೈದರಾಬಾದಿನಲ್ಲಿ ಅದನ್ನು ಸಿ.ಡಿ.ಗೆ ಹಾಕಿಕೊಡುವವರಿದ್ದಾರೆ ಎಂದು ಅವನು ಹೇಳಿದಾಗ ನಾಗನಾಥನ ಮುಖ ಅರಳಿತು. ಭುವನೇಶ್ವರಿ ಮಾತ್ರ, ಹಳೆಯದನ್ನೇಕೆ ಕೆದಕಬೇಕು, ಕೇಳಿ ಮತ್ತೆ ಸಂಕಟಪಡುತ್ತಾರೆ ಎಂದು ಒಂದೆರಡು ಸಲ ಅಡ್ಡ ಮಾತಾಡಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶ್ರಾವಣದ ಸೋಮವಾರ ಮಧ್ಯಾಹ್ನ ದೇವಿದಾಸ ಹುಮನಾಬಾದಿನಿಂದ ತಟ್ಟೆಯೊಂದಿಗೆ ಬಂದ. ಭಜನಾ ಮಂಡಳಿಯ ಹಿರಿಯ ಮಹಾರುದ್ರಪ್ಪ ತಮ್ಮ ಸಂಗಡಿಗರೊಡನೆ ಬಂದು ಗೋಡೆಗುಂಟ ಜಮಖಾನದ ಮೇಲೆ ಕೂತರು. ಧನರಾಜ ಅಂಗಡಿಗೆ ಬೀಗ ಹಾಕಿ ಬಂದ. ಭುವನೇಶ್ವರಿ ಬಾಗಿಲಲ್ಲಿ ನಿಂತಳು. ಯಂತ್ರದ ಬಾಯಿ ತಟ್ಟೆಯನ್ನು ನುಂಗಿತು. ಬಲಗಡೆಯ ಸ್ಪೀಕರಿನಿಂದ ನಾಗನಾಥ ಎದ್ದು ಬಂದ.

ಎಲ್ಲವೂ ಹಾಗೆಯೇ ಇತ್ತು. ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು, ಕಾಲು ಬದಲಿಸಿ ಕೂತದ್ದು, ಆಮೇಲೆ ತುಂಬಿದ ಆ ಗಂಡುಕಂಠ. ಮಹಾರುದ್ರಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ನಾಗಪ್ಪಾ, ಹೊಳ್ಳಿ ಬಂದೀಯಲ್ಲೋ," ಎಂದರು. ಹಾಡು ಮುಗಿದಾಗ ಎಲ್ಲರ ಕಣ್ಣೂ ಒದ್ದೆಯಾಗಿದ್ದವು. ಉಸಳಿ ತಿಂದು, ಚಹಾ ಕುಡಿದು, ಇಂಥ ಕಂಠ ಈ ಭಾಗದಲ್ಲಿ ಇನ್ನು ಹುಟ್ಟುವುದಿಲ್ಲ ಎಂದು ಹೇಳಿ ಅವರು ಹೊರಟುಹೋದರು. ಅವರ ಹಿಂದೆಯೇ ಧನರಾಜನೂ ಅಂಗಡಿಗೆ ಹೋದ.

ನಾಗನಾಥ ಖುರ್ಚಿಯಿಂದ ಎದ್ದಿರಲಿಲ್ಲ. ಬಂದವರಿಗೆ ಕೈ ಮುಗಿದದ್ದೂ ಕೂತಲ್ಲೇ. ಅವನ ಮುಖ ನೋಡಿ ಭುವನೇಶ್ವರಿ ಚಹಾದ ಕಪ್ಪುಗಳನ್ನು ಎತ್ತುವುದನ್ನು ಬಿಟ್ಟಳು.

ಅವನು ಮುಂದಕ್ಕೆ ಬಾಗಿ ಹಾಡನ್ನು ಮತ್ತೆ ಹಚ್ಚಿದ. ಆಂಪ್ಲಿಫೈಯರಿನ ಮೇಲೆ ಸದ್ದನ್ನು ಎಡಕ್ಕೆ ಬಲಕ್ಕೆ ಸರಿಸುವ ಗುಂಡಿಯೊಂದಿತ್ತು. ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಎಡಗಡೆಯ ಸ್ಪೀಕರು ಸತ್ತಿತು. ಅವನ ಕಂಠವೊಂದೇ ಉಳಿಯಿತು. ಸಾಲಿನ ಕೊನೆಗೆ ಅದು ಮೇಲಕ್ಕೇರಿತು, ಏರಿ, ಮುಟ್ಟಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತು ತಡವರಿಸಿತು. ಆಮೇಲೆ ಯಾರೋ ರಟ್ಟೆ ಹಿಡಿದು ಎತ್ತಿದ ಹಾಗೆ ಸ್ವರಕ್ಕೆ ಬಂದು ಸೇರಿತು. ಅವನು ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ತಬಲಾ, ತಂಬೂರಿ. ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ, ಎಲ್ಲಿಂದಲೋ ಬಂದು ಮೇಲಿನ ಸ್ವರದ ಮೇಲೆ ನಿಂತ ಒಂದು ಹೆಣ್ಣುದನಿ. ಅಲುಗದ ದನಿ. ಗಂಡಸಿನ ಕಂಠ ಬರುವುದಕ್ಕೆ ಮುಂಚೆಯೇ ಅದು ಅಲ್ಲಿ ನಿಂತಿರುತ್ತಿತ್ತು.

ಕೊಡಂಬಲದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಭುವನೇಶ್ವರಿ ಬೀಸುವಾಗ ಗುನುಗಿದ್ದನ್ನು ಕೇಳಿ ನಾಗನಾಥನೇ ಅವಳ ಕೈಗೆ ತಂಬೂರಿ ಕೊಟ್ಟಿದ್ದ. ಅತ್ತೆ ಸೂಗಮ್ಮ ಒಪ್ಪಿದ್ದು ಎರಡು ಕರಾರಿನ ಮೇಲೆ. ಹಿಂದೆ ಕೂಡಬೇಕು, ಬೇರೆಯಾಗಿ ಬಾಯಿ ಬಿಡಕೂಡದು. ಮೊದಲ ಸಲ ಮಠದಲ್ಲಿ ಕೂತಾಗಲೇ ಅವನ ಸ್ವರ ಮೇಲೆ ಹೋಗಿ ಕೊರತೆ ಬೀಳುವುದು ಅವಳ ಕಿವಿಗೆ ಬಿತ್ತು. ಯೋಚಿಸದೆಯೇ ಮೆಲ್ಲಗೆ ಆ ಸ್ವರ ಹಿಡಿದಳು. ಅವನು ಅದಕ್ಕೆ ಆತುಕೊಂಡ. ಜನ ತಲೆದೂಗಿದರು. ಆಮೇಲೆ ಕೊಡದಲ್ಲಿ ನೀರು ಕಡಿಮೆಯಾದರೆ ತುಂಬಿಸಿಡುವ ಹಾಗೆ ಅದೂ ಅವಳ ಕೆಲಸಗಳಲ್ಲಿ ಒಂದಾಯಿತು. ಅವನು ಅದನ್ನು ಎಂದೂ ಗಮನಿಸಲಿಲ್ಲ. ಮೇಲೇರಿದಾಗ ಹಾಗೆ ಹಗುರಾಗಿ ನಿಲ್ಲುವುದು ತನ್ನ ಸಾಧನೆ ಎಂದೇ ತಿಳಿದಿದ್ದ.

ನಾಗನಾಥ ಗುಂಡಿಯಿಂದ ಕೈ ತೆಗೆದು ಅವಳತ್ತ ನೋಡಿದ. ತುಟಿಗಳು ನಿಧಾನ ಅಲುಗಿದವು. ವೈರುಗಳನ್ನು ಸುತ್ತುತ್ತ ತಲೆ ತಗ್ಗಿಸಿ ನಿಂತಿದ್ದ ದೇವಿದಾಸ ಕೇಳಿದ:

"ಏನಂದ ವೈನಿ?"

"ನಿನಗ ಗೊತ್ತಿತ್ತೇನು ಅಂತ ಕೇಳಾಕತ್ತಾರ," ಎಂದಳು. ಗಂಡನಿಗೆ ತಿರುಗಿ, "ಗೊತ್ತಿತ್ತರಿ," ಎಂದಳು.

ತುಟಿಗಳು ಮತ್ತೆ ಅಲುಗಿದವು.

"ಮೊದಲಿಂದ," ಎಂದಳು.

ಅವನು ದೇವಿದಾಸನತ್ತ ತಿರುಗಿದ. ಅದನ್ನು ಅವಳು ತಿಳಿಸಿ ಹೇಳಬೇಕಾಗಲಿಲ್ಲ. ದೇವಿದಾಸ ವೈರನ್ನು ಬಿಟ್ಟು ನೆಟ್ಟಗೆ ನಿಂತ. "ರೆಕಾರ್ಡಿಂಗ್ ಮಾಡಿದ ದಿನಾನೇ ಕೇಳಿದ್ದೆ ನಾಗಣ್ಣಾ," ಎಂದ. "ನನಗೇನೂ ಹೆಚ್ಚುಕಮ್ಮಿ ಅನಿಸಲಿಲ್ಲ. ಇಬ್ಬರೂ ಕೂಡಿದ್ರನ ಆ ಹಾಡು."

ನಾಗನಾಥನ ತುಟಿಗಳು ಮೂರನೆಯ ಸಲ ಅಲುಗಿದಾಗ ಬಹಳ ಹೊತ್ತು ಅಲುಗಿದವು. ಇಷ್ಟು ವರ್ಷ ನನ್ನನ್ನು ಮುಂದೆ ಕೂಡಿಸಿ ಆಡಿಸಿದಿರಿ ಎಂದ. ನಾನು ಮಹಾಗಾಯಕನೆಂದು ಊರೂರು ತಿರುಗಿದೆ, ಒಬ್ಬರಾದರೂ ಹೇಳಲಿಲ್ಲ ಎಂದ. ಸಾಯುವ ಹೊತ್ತಿಗೆ ನನ್ನ ಹತ್ತಿರ ಇದ್ದದ್ದು ಅದೊಂದೇ ಎಂದ. ಒಂದೊಂದು ಮಾತೂ ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ಏನಂತಾನ?" ಎಂದ ದೇವಿದಾಸ.

ಭುವನೇಶ್ವರಿ ಸೆರಗನ್ನು ಎಳೆದುಕೊಂಡಳು. "ಏನಿಲ್ಲ. ನಿಮಗ ಇನ್ನೊಂದು ಕಪ್ ಚಹಾ ತಂದುಕೊಡು ಅಂದ್ರು."

ನಾಗನಾಥ ಅವಳನ್ನೇ ದಿಟ್ಟಿಸಿದ. ಆಮೇಲೆ ಖುರ್ಚಿಯ ಹಿಡಿಯ ಮೇಲೆ ಅಂಗೈಯಿಂದ ಒಮ್ಮೆ ಹೊಡೆದು, ಬಾಯಿ ಮುಚ್ಚಿಕೊಂಡ.

ಅಂದಿನಿಂದ ಅವನು ಅವಳೆದುರು ತುಟಿ ಅಲುಗಿಸಲಿಲ್ಲ. ನೀರು ಬೇಕಾದರೆ ಚರಗಿಯ ಮೇಲೆ ಉಂಗುರದಿಂದ ಕುಟ್ಟುತ್ತಿದ್ದ, ಬೇಡವಾದದ್ದನ್ನು ಕೈಯಿಂದ ಸರಿಸುತ್ತಿದ್ದ. ಬಂದವರು ಮಾತಾಡಿಸಿದರೆ ಕಿಟಕಿಯ ಕಡೆ ನೋಡುತ್ತಿದ್ದ. ಅವನೇನು ಹೇಳುತ್ತಾನೆ ಎಂದು ಅವರು ಅವಳ ಮುಖ ನೋಡುತ್ತಿದ್ದರು, ಅವಳು ನೆಲ ನೋಡುತ್ತಿದ್ದಳು. ನಿಮ್ಮ ಜೊತೆ ನಾನು ಮೋಸದಾಟ ಆಡಲಿಲ್ಲ ಎಂದು ಅವಳು ಒಂದು ದಿನ ಕಾಲ ಬಳಿ ಕೂತು ಹೇಳಿದಳು. ನೀವು ಹಾಡುವುದು ನನಗೆ ಬೇಕಿತ್ತು, ಅಷ್ಟೇ ಎಂದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

ಸರೋದು, ಕೊಳಲುಗಳ ತಟ್ಟೆಗಳ ಮೇಲೆ ಧೂಳು ಕೂತಿತು. ಅವನು ಹಚ್ಚುತ್ತಿದ್ದುದು ಆ ಒಂದೇ ತಟ್ಟೆ, ಗುಂಡಿ ಪೂರ್ತಿ ಬಲಕ್ಕೆ. ಕೊರತೆ ಬೀಳುವ ಜಾಗಕ್ಕೆ ಮತ್ತೆ ಮತ್ತೆ ಹಿಂದೆ ಹೋಗಿ ಕೇಳುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಭುವನೇಶ್ವರಿಗೆ ಗೋಡೆಯಾಚೆಯಿಂದ ಆ ಒಂಟಿ ಕಂಠ ಮೇಲೇರುವುದು ಕೇಳುತ್ತಿತ್ತು. ಅದು ತಡವರಿಸುವ ಹೊತ್ತಿಗೆ ಅವಳ ಬಡಿಯುವ ಕೈ ತಾನಾಗಿ ನಿಲ್ಲುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಒಮ್ಮೆ ತಡೆಯಲಾರದೆ ಒಳಗೆ ಹೋಗಿ ಗುಂಡಿಯನ್ನು ನಡುವಿಗೆ ತಂದಳು. ಅವನು ಸಿಟ್ಟು ಮಾಡಲಿಲ್ಲ. ಅವಳ ಮಣಿಕಟ್ಟು ಹಿಡಿದು ಮೆತ್ತಗೆ ಬದಿಗಿಟ್ಟು, ಗುಂಡಿಯನ್ನು ಮತ್ತೆ ಬಲಕ್ಕೆ ತಿರುಗಿಸಿದ.

ಚಳಿಗಾಲದ ಒಂದು ಮಧ್ಯಾಹ್ನ ಅವನಿಗೆ ನಿದ್ದೆ ಹತ್ತಿತ್ತು. ಭುವನೇಶ್ವರಿ ಹಿತ್ತಿಲಲ್ಲಿ ತೊಗರಿ ಕೇರುತ್ತ ಕೂತವಳು, ಏಕೋ, ಆ ಹಾಡನ್ನು ತಾನೇ ಹಾಡಬೇಕೆಂದುಕೊಂಡಳು. ಅತ್ತೆ ತೀರಿ ಎಷ್ಟೋ ವರ್ಷಗಳಾಗಿದ್ದವು. ತಡೆಯುವವರು ಯಾರೂ ಇರಲಿಲ್ಲ. ಬಾಯಿ ತೆರೆದಳು. ಮೊದಲ ಸಾಲು ಎಲ್ಲಿಂದ ಎತ್ತಿಕೊಳ್ಳಬೇಕೆಂದೇ ತೋಚಲಿಲ್ಲ. ಮಾತುಗಳು ಗೊತ್ತಿದ್ದವು, ಆದರೆ ಅವನ್ನು ಅವಳ ಗಂಟಲು ಎಂದೂ ಹೊತ್ತಿರಲಿಲ್ಲ. ಸಾಲಿನ ತುದಿಯ ಸ್ವರಗಳಷ್ಟೇ ಅವಳಿಗೆ ಬರುತ್ತಿದ್ದವು. ಅವನು ಬೀಳುತ್ತಿದ್ದ ಜಾಗಗಳು ಮಾತ್ರ. ಒಂದು ಸ್ವರ ಹಿಡಿದಳು, ಬಿಟ್ಟಳು. ಇನ್ನೊಂದು ಹಿಡಿದಳು, ಬಿಟ್ಟಳು.

ಪಕ್ಕದ ಮನೆಯ ಅಸ್ಗರಿ ಗೋಡೆಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಳು. ಊರವರ ಕುಪ್ಪಸ ಹೊಲಿದುಕೊಡುವ ಹೆಂಗಸು, ಭುವನೇಶ್ವರಿಯ ಹಳೆಯ ಜೊತೆಗಾತಿ. "ಯಾಕ ನಿಂದ್ರಿಸಿದ್ರಿ ಭಾಬಿ?" ಎಂದು ಕೇಳಿದಳು. "ಛಲೋ ಕೇಳಾಕತ್ತಿತ್ತು."

"ನನಗ ಮುಂದಿಂದು ಬರಂಗಿಲ್ಲ ಅಸ್ಗರಿ," ಎಂದಳು ಭುವನೇಶ್ವರಿ. ತುಸು ತಡೆದು, "ಹಿಂದಿಂದೂ ಬರಂಗಿಲ್ಲ," ಎಂದಳು. ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಬೇಸಿಗೆ ಬರುವ ಹೊತ್ತಿಗೆ ಹುಣ್ಣು ಮರಳಿತ್ತು. ಸೊಲ್ಲಾಪುರದಿಂದ ಏನೂ ಮಾಡದೆಯೇ ಹಿಂದಕ್ಕೆ ಕಳಿಸಿದರು. ತಾನು ಮಲಗುವ ಹೊರಸನ್ನು ಪೂರ್ವದ ಕೋಣೆಗೆ ತರಬೇಕೆಂದು ನಾಗನಾಥ ಕೈಸನ್ನೆ ಮಾಡಿದ. ಖುರ್ಚಿ ಇದ್ದ ಜಾಗದಲ್ಲೇ ಅದನ್ನು ಹಾಕಿದರು. ಅವನ ಕುತ್ತಿಗೆಯ ಬಟ್ಟೆ ಬದಲಿಸುವುದು, ಉಸಿರಿನ ರಂಧ್ರ ಒರೆಸುವುದು, ನಳಿಗೆಯಲ್ಲಿ ಗಂಜಿ ಹಾಕುವುದು ಎಲ್ಲವನ್ನೂ ಭುವನೇಶ್ವರಿ ಮಾಡಿದಳು. ಅವನು ಮಾಡಿಸಿಕೊಂಡ, ಆದರೆ ಕಣ್ಣು ಸೇರಿಸಲಿಲ್ಲ. ಏಳಲಾರದಾದ ಮೇಲೆ ಯಂತ್ರವನ್ನೂ ಹಚ್ಚಗೊಡಲಿಲ್ಲ.

ಕೊನೆಯ ಸಂಜೆ ಅವನು ಅವಳತ್ತ ಮುಖ ತಿರುಗಿಸಿದ. ತುಟಿಗಳು ಅಲುಗಿದವು. ಭುವನೇಶ್ವರಿ ಕೈಯಲ್ಲಿದ್ದ ಬಟ್ಟಲು ಬಿಟ್ಟು ಹತ್ತಿರ ಬಾಗಿದಳು. ಬಾಯಿ ಒಣಗಿ ತುಟಿಗಳು ಒಂದಕ್ಕೊಂದು ಅಂಟುತ್ತಿದ್ದವು. ಅಲುಗಾಟ ಮುರಿದು ಮುರಿದು ಬರುತ್ತಿತ್ತು. ಅವಳ ಹೆಸರಿರಬಹುದು. ಬೇಡ ಎಂದಿರಬಹುದು. ಹಾಡು ಎಂದಿರಬಹುದು. ಅವಳಿಗೆ ಓದಲಾಗಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದು ಬೇಡಿಕೊಂಡಳು. ಅವನು ಇನ್ನೊಮ್ಮೆ ಹೇಳಿದ. ಆಗಲೂ ಆಗಲಿಲ್ಲ.

"ಏನಂತಾನ ಅಣ್ಣ?" ಎಂದು ಕಾಲ ಬಳಿ ನಿಂತ ಧನರಾಜ ಕೇಳಿದ.

"ನೀರು ಬೇಕಂತ," ಎಂದಳು. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತಿದಳು. ನೀರು ಕೆನ್ನೆಗುಂಟ ಇಳಿದು ದಿಂಬಿಗೆ ಹೋಯಿತು. ಬೆಳಗಾಗುವುದರೊಳಗೆ ಅವನು ತೀರಿಕೊಂಡ.

ಬಿಸಿಲೇರುವ ಮುಂಚೆಯೇ ಮನೆಮುಂದೆ ಜನ ನೆರೆದರು. ವಿಭೂತಿ ಹಚ್ಚಿ, ಕೂತ ಭಂಗಿಯಲ್ಲಿ, ಹೆಗಲ ಮೇಲೆ ಹೊರುವ, ಚೆಂಡುಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಅವನನ್ನು ಕೂಡಿಸಿದರು. ಮಹಾರುದ್ರಪ್ಪ ಧನರಾಜನನ್ನು ಕರೆದು, ನಾಗಪ್ಪನನ್ನು ಅವನ ಹಾಡಿನೊಂದಿಗೇ ಕಳಿಸಬೇಕು, ನಮ್ಮ ಭಜನೆ ಆಮೇಲೆ ಎಂದರು. ದೇವಿದಾಸ ಹುಮನಾಬಾದಿನಿಂದ ಬಂದಿದ್ದ. ಅವನೇ ಸ್ಪೀಕರುಗಳನ್ನು ಹೊರಿಸಿ ಬಾಗಿಲ ಎರಡೂ ಬದಿಯ ಕಟ್ಟೆಗಳ ಮೇಲೆ ಇಡಿಸಿ, ಒಳಗಿನಿಂದ ವೈರು ಎಳೆದ. ಆಮೇಲೆ ಹೆಂಗಸರ ನಡುವೆ ಕೂತಿದ್ದ ಭುವನೇಶ್ವರಿಯ ಹತ್ತಿರ ಬಂದು ನಿಂತ.

"ವೈನಿ, ಗುಂಡಿ ಹ್ಯಾಂಗ ಇಡಲಿ?" ಎಂದು ಮೆಲ್ಲಗೆ ಕೇಳಿದ. "ನಾಗಣ್ಣ ಬಲಕ್ಕ ಇಟ್ಟಾನ."

ಅವಳು ಎದ್ದಳು. ಕೋಣೆಯಲ್ಲಿ ಹೊರಸನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಜೋಳದ ಚೀಲಗಳ ಮೇಲೆ ಯಾರದೋ ಕೂಸು ಮಲಗಿತ್ತು. ಯಂತ್ರದ ಮುಂದೆ ನಿಂತು ಗುಂಡಿಯ ಮೇಲೆ ಬೆರಳಿಟ್ಟಳು. ಹಾಗೆಯೇ ಬಿಟ್ಟರೆ ಅವನು ಕೊನೆಗೆ ಒಪ್ಪಿಕೊಂಡಿದ್ದ ಕಂಠ, ಕೊರತೆಯೊಂದಿಗೆ, ಊರೆಲ್ಲದರ ಕಿವಿಗೆ ಬೀಳುತ್ತಿತ್ತು. ಅವನಿಗೆ ಬೇಕಿದ್ದುದು ಅದೇ ಏನೋ. ಹೊರಗೆ ಮಹಾರುದ್ರಪ್ಪ ಕೆಮ್ಮಿದರು. ಭುವನೇಶ್ವರಿ ಗುಂಡಿಯನ್ನು ನಡುವಿಗೆ ತಂದು, ಹಾಡನ್ನು ಹಚ್ಚಿ, ಬಂದು ತನ್ನ ಜಾಗದಲ್ಲಿ ಕೂತಳು.

ಓಣಿ ತುಂಬ ನಾಗನಾಥನ ಕಂಠ ಎದ್ದಿತು. ಗಂಡಸರು ಟೊಪ್ಪಿಗೆ ತೆಗೆದು ನಿಂತರು. ಸಾಲು ಮೇಲೇರಿ ಸ್ವರದ ಮೇಲೆ ನಿಂತಾಗ ಹೆಂಗಸರ ನಡುವೆ ಅಳು ಒಡೆಯಿತು. ಅಸ್ಗರಿ ಪಕ್ಕಕ್ಕೆ ಸರಿದು ಅವಳ ಕೈ ಹಿಡಿದುಕೊಂಡಳು.

"ಭಾಬಿ, ಈ ಆವಾಜಿನಾಗ ನೀವು ಇದ್ದೀರಲ್ಲ," ಎಂದಳು ಕಿವಿಯ ಹತ್ತಿರ.

"ಇಲ್ಲ," ಎಂದಳು ಭುವನೇಶ್ವರಿ. "ಅದು ಅವರದೇ."

ವಿಮಾನ ಎದ್ದಿತು. ಗಂಡಸರು ಹುಮನಾಬಾದ್ ರಸ್ತೆಯ ಹೊಲದಲ್ಲಿ ತೋಡಿದ್ದ ಕುಣಿಯ ಕಡೆಗೆ ಹೊರಟರು. ಹೆಂಗಸರು ಓಣಿಯ ತಿರುವಿನವರೆಗೆ ಹೋದರು. ಭುವನೇಶ್ವರಿ ಹೊಸ್ತಿಲಲ್ಲೇ ಉಳಿದಳು. ನಿಲ್ಲಿಸುವುದು ಯಾರಿಗೂ ನೆನಪಾಗದೆ ಹಾಡು ನಡೆದೇ ಇತ್ತು. ಕೊನೆಯ ಸಾಲು ಬಂತು, ಮುಗಿಯಿತು. ತಂಬೂರಿ ಒಂದು ಗಳಿಗೆ ಮಿಡಿದು ನಿಂತಿತು. ಆಮೇಲೆ ಎರಡೂ ಕಟ್ಟೆಗಳಿಂದ ಆ ವರ್ಷ ಮಠದಲ್ಲಿ ನೆರೆದಿದ್ದ ಜನರ ಚಪ್ಪಾಳೆ, ಮಳೆ ಹೊಡೆದ ಹಾಗೆ, ಖಾಲಿ ಓಣಿಯ ಮೇಲೆ ಬಿತ್ತು. ಮೆಟ್ಟಿಲ ಮೇಲೆ ಉದುರಿದ್ದ ಚೆಂಡುಹೂವನ್ನು ತಿನ್ನುತ್ತಿದ್ದ ಆಡೊಂದು ಬೆಚ್ಚಿ ಕತ್ತೆತ್ತಿತು. ಯಾರೂ ಬರುವುದಿಲ್ಲವೆಂದು ಗೊತ್ತಾಗುವವರೆಗೆ ಕಿವಿ ನಿಮಿರಿಸಿ ನಿಂತಿದ್ದು, ಮತ್ತೆ ಬಾಯಿ ಹಾಕಿತು.